ಒಂದೇ ಮಾತಿನ ಕೋವಿ

ಸೆರಫಿನ್ ಬಾಯಿ ಎಂಬತ್ತೆರಡನೆಯ ವಯಸ್ಸಿನಲ್ಲಿ ಮಗನ ಮನೆ ನೋಡಲು ಅಬುಧಾಬಿಗೆ ಬಂದಿಳಿದಾಗ ಅವರ ಕೂಡ ಬಂದದ್ದು ಹಲಸಿನ ಹಪ್ಪಳದ ಎರಡು ಕಟ್ಟು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಅರವತ್ತು ದಿನದ ವಿಸಿಟ್ ವೀಸಾ ಮತ್ತು ಬೆಕ್ಕನ್ನೂ ನಾಚಿಸುವಂಥ ಎರಡು ಕಿವಿ. ಗಂಟಲಿನ ಆಪರೇಷನ್ ಆದಮೇಲೆ ಮುದುಕಿಯ ಸ್ವರ ಅರಳೆಯ ಹಾಗೆ ಹಗುರವಾಗಿತ್ತು. ಕಿವಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಖಾಲಿದಿಯಾ ಬಡಾವಣೆಯ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು, "ಮಾರ್ಟಿನಾ, ಕೆಳಗಿನ ಮನೆ ಕುಕ್ಕರ್ ಏಳು ಸೀಟಿ ಹಾಕಿತು. ಅವರು ಎಂತ, ಕಲ್ಲು ಬೇಯಿಸ್ತಾರಾ?" ಎಂದು ಸೊಸೆಯನ್ನು ಕೇಳುತ್ತಿದ್ದರು.

ಅಂಥ ತಾಯಿಯ ಮಗ ಕ್ಯಾಮಿಲಸನಿಗೆ ಐವತ್ತೊಂಬತ್ತಕ್ಕೇ ಕಿವಿ ಕೈಕೊಟ್ಟಿತ್ತು. ಇದು ಗೊತ್ತಿದ್ದದ್ದು ಮೂವರಿಗೆ ಮಾತ್ರ: ಅವನಿಗೆ, ಹೆಂಡತಿ ಮಾರ್ಟಿನಾಳಿಗೆ, ಮಗಳು ಸ್ವೀಡಲ್‌ಗೆ.

ಗುಟ್ಟು ಮಾಡುವುದಕ್ಕೆ ಕಾರಣವಿತ್ತು. ಕ್ಯಾಮಿಲಸ್ ಇಪ್ಪತ್ತಾರು ವರ್ಷದಿಂದ ಬೇಟೆ ಕೋವಿಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಅವನ ಸಂಬಳ ಕೈಗಲ್ಲ, ಕಿವಿಗೆ. ಲೈಸೆನ್ಸ್ ಕಾಗದ ಹಿಡಿದು ಜೀವನದ ಮೊದಲ ಕೋವಿ ಕೊಳ್ಳಲು ಬರುವ ಇಲ್ಲಿನ ಅರಬಿಗಳು, "ಇದನ್ನು ಕ್ಯಾಮಿಲ್ ಕೇಳಿದ್ದಾನೋ?" ಎಂದು ವಿಚಾರಿಸಿಯೇ ಮುಂದಿನ ಮಾತಾಡುವುದು. ಕ್ಯಾಮಿಲ್ ಕಣ್ಣು ಮುಚ್ಚಿ, ಗುಂಡು ಕೂರುವ ಜಾಗವನ್ನು ಮುಚ್ಚುವ ಬೋಲ್ಟಿನ ಹಿಡಿಯನ್ನು ಹಿಂದಕ್ಕೆಳೆದು ಬಿಡುತ್ತಿದ್ದ. ಅದು ಮುಂದೆ ಹೋಗಿ ಮುಚ್ಚಿಕೊಳ್ಳುವ ಸದ್ದು ಒಂದೇ ಆದರೆ "ತಮಾಮ್", ಎಲ್ಲ ಸರಿ. ಮುಚ್ಚಿದ ಬೆನ್ನಿಗೇ ಕೂದಲೆಳೆಯಷ್ಟು ಇನ್ನೊಂದು ಸದ್ದು ಬಂದರೆ "ಮಾಫಿ", ಬೇಡವೇ ಬೇಡ. ಈ ವಿದ್ಯೆಯನ್ನು ಅವನಿಗೆ ಕಲಿಸಿದವರು ತಂದೆ ಬಲ್ತಜಾರ್. ಅವರು ಮೊಡಂಕಾಪಿನ ಮನೆಯ ಚಾವಡಿಯಲ್ಲಿ ಊರಿನವರ ಲೈಸೆನ್ಸಿನ ಕೋವಿಗಳನ್ನು ರಿಪೇರಿ ಮಾಡುತ್ತಿದ್ದರು. "ಒಳ್ಳೆ ಕೋವಿ ಒಂದೇ ಮಾತು ಹೇಳ್ತದೆ ಪುತಾ. ಕೆಟ್ಟದ್ದು ಎರಡು ಮಾತು ಹೇಳ್ತದೆ. ಮನುಷ್ಯರ ಹಾಗೆಯೇ" ಎನ್ನುತ್ತಿದ್ದರು. ಪಕ್ಕದಲ್ಲಿ ಕುಳಿತು ಒಲೆಗೆ ತಿದಿ ಒತ್ತುತ್ತಿದ್ದದ್ದು ಇದೇ ಸೆರಫಿನ್ ಬಾಯಿ.

ಹತ್ತಿಯ ಉಂಡೆ ತುರುಕಿಕೊಂಡು ವರ್ಷಗಟ್ಟಲೆ ಗುಂಡು ಹಾರಿಸುವ ರೇಂಜಿನಲ್ಲಿ ಕೋವಿ ಪರೀಕ್ಷೆ ಮಾಡಿದ್ದರ ಬಾಡಿಗೆಯನ್ನು ಕಿವಿ ಈಗ ಕೇಳತೊಡಗಿತ್ತು. ಗಂಡಸರ ದಪ್ಪ ಸ್ವರ ಒಂದಿಷ್ಟು ದಕ್ಕುತ್ತಿತ್ತು. ಹಕ್ಕಿ, ಚಮಚ, ಕಾಲಿಂಗ್ ಬೆಲ್, ಹೆಂಗಸರ ಮೆಲುದನಿ, ಇವು ಒಂದೊಂದಾಗಿ ಅವನ ಲೋಕದಿಂದ ವೀಸಾ ಮುಗಿಸಿ ಹೊರಟಿದ್ದವು. ಕಂಪನಿಯ ಇನ್ಶೂರೆನ್ಸ್ ತೋರಿಸಿದರೆ ಸುದ್ದಿ ಅಂಗಡಿಗೆ ಹೋಗುತ್ತದೆಂದು, ಗಂಡಹೆಂಡಿರು ಮುಸಫ್ಫಾದ ಒಂದು ಮೂಲೆ ಕ್ಲಿನಿಕ್ಕಿಗೆ ಹೋಗಿ ಕೈಯಿಂದ ದುಡ್ಡು ಕೊಟ್ಟು ಎರಡು ಕಿವಿ ಮೆಷಿನ್ ತಂದಿದ್ದರು. ಮನೆಯೊಳಗೆ ಮಾತ್ರ ಅದನ್ನು ಹಾಕಿಕೊಳ್ಳುತ್ತಿದ್ದ. ತಾಯಿ ಬರುವ ದಿನ ಅದೂ ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಸೇರಿ ಅಡುಗೆಮನೆಯ ಅಟ್ಟ ಹತ್ತಿತು.

"ಹೆತ್ತ ತಾಯಿ ಹತ್ರವೂ ಮುಚ್ಚಿಡುವುದಾ?" ಎಂದಿದ್ದಳು ಮಾರ್ಟಿನಾ.

"ಮಾಂಯ್‌ಗೆ ಹೇಳಿದ್ರೆ ಇಗರ್ಜಿ ಗಂಟೆ ಹೊಡೆದ ಹಾಗೆ ಮಾರಾಯ್ತಿ. ನಮ್ಮ ಅಂಗಡಿಯ ನೆಲ್ಸನ್ ಉಂಟಲ್ಲ, ಅವನ ಅಮ್ಮ ಕೂತ್ಕೊಳ್ಳುವುದು ಮಾಂಯ್‌ನ ಬೆಂಚಲ್ಲಿಯೇ. ಆದಿತ್ಯವಾರ ಅಲ್ಲಿ ಗೊತ್ತಾದ್ರೆ ಸೋಮವಾರ ಇಲ್ಲಿ. ನವೆಂಬರದಲ್ಲಿ ನನ್ನ ವೀಸಾ ರಿನ್ಯೂ. ಅದೊಂದು ಆಗಲಿ, ಮತ್ತೆ ನಾನೇ ಹೇಳ್ತೇನೆ. ಅಲ್ಲಿವರೆಗೆ ಪ್ರಮಾಣ ಮಾಡು."

ಮಾರ್ಟಿನಾ ಪ್ರಮಾಣ ಮಾಡಿದಳು. ಹೋಟೆಲೊಂದರ ಹೌಸ್‌ಕೀಪಿಂಗಿನಲ್ಲಿ ಅವಳಿಗೂ ಕೆಲಸವಿತ್ತು. ಆದರೆ ಫ್ಲ್ಯಾಟು, ವೀಸಾ, ಇನ್ಶೂರೆನ್ಸು ಎಲ್ಲ ಗಂಡನ ಕಿವಿಗೇ ಓಲೆಯಂತೆ ನೇತಾಡುತ್ತಿದ್ದವು.

*

ಮೊದಲ ವಾರ ಹಪ್ಪಳ ಸುಡುವುದರಲ್ಲಿ ಕಳೆಯಿತು. ಎರಡನೆಯ ವಾರಕ್ಕೆ ಮುದುಕಿಯ ಮುಖ ಸಣ್ಣದಾಯಿತು.

ಕ್ಯಾಮಿಲಸ್ ಊಟಕ್ಕೆ ಕುಳಿತಿರುತ್ತಿದ್ದ. ಹಿಂದಿನಿಂದ ತಾಯಿ, "ಬಾಬ್, ಇನ್ನೆರಡು ತುಂಡು ಮೀನು ಹಾಕ್ಲಾ?" ಎನ್ನುತ್ತಿದ್ದರು. ಅವನು ಸುಮ್ಮನೆ ಅನ್ನ ಕಲಸುತ್ತಿದ್ದ. ಮೀನಿನ ಸೌಟು ಗಾಳಿಯಲ್ಲಿ ನಿಂತು, ಹಾಗೆಯೇ ಪಾತ್ರೆಗೆ ಮರಳುತ್ತಿತ್ತು. ತಾಯಿ ಎದುರಿಗೆ ಬಂದಾಗ ಚೆನ್ನಾಗಿಯೇ ಮಾತಾಡುತ್ತಿದ್ದ. ತುಟಿ ಕಾಣಬೇಕಲ್ಲ. ಆದರೆ ಪ್ರತಿ ಮಾತಿಗೂ ಬಾಯಿಗೆ ಸೆರಗು ಅಡ್ಡ ಹಿಡಿಯುವುದು ಸೆರಫಿನ್ ಬಾಯಿಯ ಹಳೆಯ ಅಭ್ಯಾಸ, ಮುಂದಿನ ಎರಡು ಹಲ್ಲು ಹೋದಂದಿನಿಂದ. ಹೀಗಾಗಿ ಅರ್ಧಕ್ಕರ್ಧ ಮಾತು ಸೆರಗಿನಲ್ಲೇ ಉಳಿದುಹೋಗುತ್ತಿತ್ತು.

"ಅವನಿಗೆ ನನ್ನ ಮೇಲೆ ಎಂತದೋ ಉಂಟು" ಎಂದರು ಒಂದು ದಿನ, ಬಸಳೆ ಸೋಸುತ್ತಾ.

"ಎಂತ ಉಂಟು ಮಾಂಯ್? ಎಂತದೂ ಇಲ್ಲ. ಕೆಲಸದ ಟೆನ್ಷನ್. ಬೇಟೆ ಮೇಳ ಹತ್ರ ಬಂತಲ್ಲ" ಎಂದಳು ಮಾರ್ಟಿನಾ, ಕತ್ತಿಯಿಂದ ಕಣ್ಣೆತ್ತದೆ.

"ಹಿಂದೆ ಅವನು ಗಲ್ಫಿಗೆ ಹೊಸತಾಗಿ ಬಂದಾಗ ನಮ್ಮಲ್ಲಿ ಫೋನ್ ಇರ್ಲಿಲ್ಲ. ಆಚೆಮನೆ ಆಚುಮ್ಮನಲ್ಲಿ ಇದ್ದದ್ದು. ಆದಿತ್ಯವಾರ ಪೂಜೆ ಮುಗಿಸಿ ಬಂದು ನಾನು ಅವಳ ಜಗಲಿಯಲ್ಲಿ ಕೂತ್ಕೊಳ್ಳುವುದು. ಸರಿ ಹತ್ತೂವರೆಗೆ ಇವನು ಮಿಸ್ ಕಾಲ್ ಕೊಡುವುದು. ಒಂದು ರಿಂಗ್ ಆದ್ರೆ ನಾನು ಸೌಖ್ಯ ಅಂತ. ಎರಡು ರಿಂಗ್ ಆದ್ರೆ ಕಾಗದ ಹಾಕಿದ್ದೇನೆ ಅಂತ. ಆಚುಮ್ಮ ಹೇಳುವುದು, 'ಸೆರಫಿನಾ, ಎತ್ತಬೇಡ, ಎತ್ತಿದ್ರೆ ಮಗನಿಗೆ ದುಡ್ಡು ಹೋಗ್ತದೆ' ಅಂತ. ಒಂದು ಮಾತಾಡದೆ ನಾಲ್ಕು ವರ್ಷ ಮಾತಾಡಿದ್ದೇವೆ ನಾವು." ಮುದುಕಿ ಬಸಳೆಯ ಒಂದು ದಂಟನ್ನು ಮುರಿದರು. "ಈಗ ಒಂದೇ ಮನೆಯಲ್ಲಿ ಇದ್ದೇವೆ. ರಿಂಗೂ ಇಲ್ಲ."

ಶುಕ್ರವಾರ ಸಂಜೆ ಸ್ವೀಡಲ್ ದುಬೈಯಿಂದ ಬಸ್ಸಿನಲ್ಲಿ ಬಂದರೆ ಮನೆಗೆ ಜೀವ ಬರುತ್ತಿತ್ತು. ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಅವಳು ರಿಸೆಪ್ಷನಿಸ್ಟ್. ಹುಟ್ಟಿನಿಂದಲೇ ಅನುಕರಣೆಯ ಪಿಶಾಚಿ. ಮೆಟ್ರೊದಲ್ಲಿ 'ಬಾಗಿಲು ಮುಚ್ಚುತ್ತಿದೆ' ಎನ್ನುವ ಹೆಂಗಸಿನಿಂದ ಹಿಡಿದು ಪಂಗಡದ ಪಾದ್ರಿಯವರ ಕೆಮ್ಮಿನವರೆಗೆ ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆಗಿದ್ದರು. ಅಜ್ಜಿಯನ್ನಂತೂ ಸೆರಗಿನ ಸಮೇತ ಮಾಡುತ್ತಿದ್ದಳು.

"ಕೆಳಗಿನ ಮನೆಯವರು ಎಂತ, ಕಲ್ಲು ಬೇಯಿಸ್ತಾರಾ?" ಎಂದು ದುಪಟ್ಟಾ ಬಾಯಿಗಿಟ್ಟು ಸಣ್ಣ ಸ್ವರದಲ್ಲಿ ಅವಳು ಕೇಳಿದರೆ ಅಜ್ಜಿ ನಕ್ಕು ನಕ್ಕು ಕೆಮ್ಮುತ್ತಿದ್ದರು.

"ಏಯ್! ಪ್ರಾಯದವರನ್ನು ಆಡಿಕೊಳ್ಬೇಡ" ಎಂದು ಕ್ಯಾಮಿಲಸ್ ಗದರುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ದುಪಟ್ಟಾ ಮಾತ್ರ.

"ಚಿಲ್, ಪಪ್ಪಾ. ಗ್ರ್ಯಾನಿ ಲವ್ಸ್ ಇಟ್."

"ಮಾಡ್ಲಿ ಬಿಡು ಬಾಬ್" ಎಂದರು ಅಜ್ಜಿ. "ನಾನು ಸತ್ತ ಮೇಲೆ ನನ್ನ ಸ್ವರ ಇವಳ ಹತ್ರ ಆದ್ರೂ ಇರ್ತದಲ್ಲ."

ಕ್ಯಾಮಿಲಸ್ ಟಿವಿಯ ಕಡೆ ತಿರುಗಿದ. ಮುದುಕಿ ಮಾರ್ಟಿನಾಳನ್ನು ನೋಡಿದರು. ಮಾರ್ಟಿನಾ ಎದ್ದು ಹೋಗಿ, ಖಾಲಿಯಾಗಿಯೇ ಇದ್ದ ಸಿಂಕಿನಲ್ಲಿ ನೀರು ಬಿಟ್ಟಳು.

*

ವರ್ಷದ ಬೇಟೆ ಮೇಳ ಶುರುವಾದಾಗ ಸೆರಫಿನ್ ಬಾಯಿ ಹಟ ಹಿಡಿದರು. "ನನಗೆ ದೊಡ್ಡ ಬಿಲ್ಡಿಂಗ್ ನೋಡ್ಲಿಕ್ಕಿಲ್ಲ. ನನ್ನ ಮಗ ಕೆಲಸ ಮಾಡುವುದನ್ನು ನೋಡ್ಬೇಕು. ಅವನ ಅಪ್ಪ ಮಾಡ್ತಿದ್ದ ಕೆಲಸ."

ಶನಿವಾರ ಮಾರ್ಟಿನಾ ಮತ್ತು ಸ್ವೀಡಲ್ ಅವರನ್ನು ಕರೆದುಕೊಂಡು ಹೋದರು. ಗಿಡುಗಗಳಿಗೆ ಚರ್ಮದ ಟೊಪ್ಪಿ ಹಾಕಿ ಕೂರಿಸಿದ್ದನ್ನು ಕಂಡು ಅಜ್ಜಿ, "ಪಾಪ, ಕೊಂಕಣಿ ಮದುಮಗಳಿಗೆ ಶಿರೋವಸ್ತ್ರ ಹಾಕಿದ ಹಾಗೆ" ಎಂದರು. ಕ್ಯಾಮಿಲಸನ ಅಂಗಡಿಯ ಮಳಿಗೆಯಲ್ಲಿ ಗಾಜಿನ ಹಿಂದೆ ಕೋವಿಗಳು ಸಾಲಾಗಿ ನಿಂತಿದ್ದವು.

"ಇದೆಂತ, ಸೆಮಿ ಅಂತ ಬರೆದದ್ದು?"

"ಸೆಮಿ ಆಟೊಮ್ಯಾಟಿಕ್, ಗ್ರ್ಯಾನಿ. ನಮ್ಮ ಹಳೇ ವಾಷಿಂಗ್ ಮೆಷಿನ್ ಹಾಗೆ. ಅರ್ಧ ಕೆಲಸ ಅದು ಮಾಡ್ತದೆ, ಅರ್ಧ ನಾವು."

"ನಿನ್ನ ಅಜ್ಜ ಪೂರ್ತಿ ಕೆಲಸ ನನ್ನಿಂದಲೇ ಮಾಡಿಸ್ತಿದ್ರು."

ಅಷ್ಟರಲ್ಲಿ ಖಲ್ಫಾನ್ ಬಂದ. ಹಣ್ಣುಗಡ್ಡದ ಅರಬಿ, ಬಹಳ ವರ್ಷದ ಗಿರಾಕಿ. ಅವನ ಸ್ವಂತ ಮೊದಲ ಕೋವಿಯನ್ನೂ ಕೇಳಿ ಕೊಟ್ಟವನು ಕ್ಯಾಮಿಲಸನೇ. ಈ ಸಲ ಕೊನೆಯ ಮಗ ರಾಶಿದನಿಗೆ ಲೈಸೆನ್ಸ್ ಸಿಕ್ಕಿತ್ತು. ಹೊಸ ಗಡ್ಡದ, ಕಣ್ಣಲ್ಲಿ ಮಿಂಚಿದ್ದ ರಾಶಿದ್ ಒಂದು ಸೆಮಿ ಆಟೊಮ್ಯಾಟಿಕ್ ರೈಫಲ್ಲನ್ನು ಆರಿಸಿಬಿಟ್ಟಿದ್ದ. ಹಿಡಿಯ ಮೇಲಿನ ಚಿತ್ತಾರಕ್ಕೇ ಮರುಳಾದಂತಿತ್ತು.

"ಚಿತ್ತಾರ ಗುಂಡು ಹೊಡೆಯುವುದಿಲ್ಲ. ಯಲ್ಲಾ ಕ್ಯಾಮಿಲ್, ಕೇಳು" ಎಂದ ಖಲ್ಫಾನ್.

ಕ್ಯಾಮಿಲಸ್ ಕೋವಿಯನ್ನು ಎತ್ತಿಕೊಂಡ ರೀತಿಗೆ ಮಾರ್ಟಿನಾಳ ಎದೆ ತುಂಬಿತು. ಮೊದಲು ಖಾಲಿಯಿದೆಯೇ ಎಂದು ಕಣ್ಣಿಟ್ಟು, ಬೆರಳಿಟ್ಟು ನೋಡಿದ. ಸ್ಕ್ರೂಗಳ ತಲೆ ಸವರಿದ. ಗಾಯವಾಗಿದ್ದರೆ ಯಾರೋ ಮೊದಲೇ ಬಿಚ್ಚಿದ್ದಾರೆಂದು ಅರ್ಥ. ಮರವೂ ಉಕ್ಕೂ ಕೂಡುವಲ್ಲಿ ಒಂದು ತೆಳು ಕಾಗದ ತುರುಕಲು ನೋಡಿದ. ಹೋಗಲಿಲ್ಲ. ನಳಿಗೆಯ ಬಾಯಿಗೆ ಬಿಳಿ ಚೀಟಿ ಹಿಡಿದು ಹಿಂದಿನಿಂದ ಇಣುಕಿದ. ಒಳಗೆ ಬೆಳಕು ಮುರಿಯದೆ ಸುತ್ತಿಕೊಂಡು ಹೋಗಬೇಕು. ಮೂಸಿದ. ಹೊಸ ಎಣ್ಣೆ, ಸುಟ್ಟ ವಾಸನೆಯಿಲ್ಲ. ಎಲ್ಲವನ್ನೂ ರಾಶಿದನಿಗೆ ಒಂದೊಂದಾಗಿ ತೋರಿಸುತ್ತಾ ಹೋದ. ಹುಡುಗಾಟದ ಮುಖ ಗಂಭೀರವಾಯಿತು.

"ಈಗ ಕಿವಿ" ಎಂದ ಖಲ್ಫಾನ್. ಸುತ್ತ ನಿಂತವರು ಮಾತು ನಿಲ್ಲಿಸಿದರು. ನೆಲ್ಸನ್ ಕೂಡ ಬಿಲ್ಲಿನ ಪುಸ್ತಕ ಮುಚ್ಚಿದ.

ಕ್ಯಾಮಿಲಸ್ ಕಣ್ಣು ಮುಚ್ಚಿ ಬೋಲ್ಟನ್ನು ಎಳೆದು ಬಿಟ್ಟ.

ಠಕ್.

ಮಾರ್ಟಿನಾಳಿಗೆ ಕೇಳಿಸಿದ್ದು ಅಷ್ಟೇ. ಆದರೆ ಪಕ್ಕದಲ್ಲಿದ್ದ ಅತ್ತೆಯ ತಲೆ, ಯಾರೋ ಕರೆದವರ ಹಾಗೆ, ಥಟ್ಟನೆ ಒಂದು ಬದಿಗೆ ವಾಲಿತು. ಕ್ಯಾಮಿಲಸ್ ಇನ್ನೊಂದು ಸಲ ಎಳೆದು ಬಿಟ್ಟ. ಸೆರಫಿನ್ ಬಾಯಿ ಎರಡು ಹೆಜ್ಜೆ ಮುಂದಿಟ್ಟು, ಮಗನ ಬೆನ್ನ ಹಿಂದೆ ನಿಂತು, ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಕೊಂಕಣಿಯಲ್ಲಿ ಹೇಳಿದರು:

"ಬಾಬ್, ಅದು ಎರಡು ಮಾತು ಹೇಳಿತು. ಹಿಂದಿನಿಂದ ಒಂದು 'ಟಿಣ್' ಉಂಟು."

ಕ್ಯಾಮಿಲಸ್ ಕದಲಲಿಲ್ಲ.

"ಕ್ಯಾಮಿಲು. ಇದು ಬೇಡ ಬಾಬ್. ಒಳಗೆ ಏನೋ ಸಡಿಲ ಉಂಟು."

ಕ್ಯಾಮಿಲಸ್ ಕಣ್ಣು ತೆರೆದು, ಖಲ್ಫಾನನ ಮುಖ ನೋಡಿ, ಕೋವಿಯನ್ನು ಎರಡೂ ಕೈಯಲ್ಲಿ ರಾಶಿದನಿಗೆ ನೀಡಿದ.

"ತಮಾಮ್" ಎಂದ.

ಖಲ್ಫಾನ್ ಪದ್ಧತಿಯಂತೆ ಕೇಳಿದವನಿಗೆ ಮೊದಲ ಲೋಟ ಕಾಫಿಯನ್ನೂ ಖರ್ಜೂರವನ್ನೂ ಕೊಟ್ಟ. ಎಲ್ಲರೂ ನಕ್ಕರು. ನೆಲ್ಸನ್ ಮಾತ್ರ ಒಮ್ಮೆ ಮುದುಕಿಯನ್ನು, ಒಮ್ಮೆ ಕ್ಯಾಮಿಲಸನನ್ನು ನೋಡಿದ. ಸೆರಫಿನ್ ಬಾಯಿ ತಾವು ಇಟ್ಟಿದ್ದ ಎರಡು ಹೆಜ್ಜೆಯನ್ನು ಹಿಂದೆ ತೆಗೆದುಕೊಂಡರು.

"ಹೋಗುವಾ?" ಎಂದರು ಸೊಸೆಗೆ.

*

ಆ ಸಂಜೆ ಮುದುಕಿ ಗಂಜಿಯನ್ನೂ ಮುಟ್ಟಲಿಲ್ಲ.

"ಅಷ್ಟು ಜನರ ಎದುರು ಹೆತ್ತ ತಾಯಿಯನ್ನು ನಾಯಿಯ ಹಾಗೆ ಮಾಡಿದ. ಬೊಗಳಿದ್ರೆ ತಿರುಗಿ ನೋಡ್ಬೇಕಂತ ಇಲ್ಲ."

"ಗ್ರ್ಯಾನಿ, ಪಪ್ಪನಿಗೆ ಕೇಳ್ಲಿಲ್ಲ..." ಎಂದು ಬಾಯಿ ತೆರೆದ ಸ್ವೀಡಲ್‌ಳ ಕಾಲನ್ನು ಮಾರ್ಟಿನಾ ಮೇಜಿನಡಿಯಲ್ಲಿ ತುಳಿದಳು. "ಐ ಮೀನ್, ಅಲ್ಲಿ ಗದ್ದಲ ಇತ್ತಲ್ಲ."

"ಎಂತ ಗದ್ದಲ? ಎಲ್ಲ ಬಾಯಿ ಮುಚ್ಚಿದ್ರು. ನನಗೆ ಕೇಳಿದ್ದು ಅವನಿಗೆ ಕೇಳ್ಲಿಲ್ವಾ? ಆ ಕಿವಿ ನಾನೇ ಅವನಿಗೆ ಹೆತ್ತು ಕೊಟ್ಟದ್ದು." ಅವರು ತಟ್ಟೆ ಸರಿಸಿದರು. "ಸ್ವೀಡಲ್, ಟಿಕೆಟ್ ಮುಂದೆ ಮಾಡು. ಇನ್ನೂ ಇಪ್ಪತ್ತೆಂಟು ದಿನ ಉಂಟು. ನನಗೆ ಬೇಡ. ಡ್ಯಾರಲ್‌ನ ಕ್ರಿಸ್ಮಾ ಉಂಟು ಅಂತ ಹೇಳು."

ಡ್ಯಾರಲ್ ಊರಿನಲ್ಲಿದ್ದ ಹಿರಿಯ ಮಗನ ಮಗ. ಇಗರ್ಜಿಯಲ್ಲಿ ಅವನ ಕ್ರಿಸ್ಮಾ ಸಂಸ್ಕಾರ ಆಗಿ ಎಂಟು ವರ್ಷವಾಗಿತ್ತು.

ಆ ಮನೆಯಲ್ಲಿ ಜಗಳವಾಡುವುದೂ ಒಂದು ಕಸರತ್ತು. ಗಂಡನಿಗೆ ಕೇಳುವಷ್ಟು ಕೂಗಿದರೆ ಅತ್ತೆಗೆ ಕೇಳುತ್ತದೆ, ಅತ್ತೆಗೆ ಕೇಳದಷ್ಟು ಪಿಸುಗುಟ್ಟಿದರೆ ಗಂಡನಿಗೂ ಇಲ್ಲ. ಪಾರ್ಕಿಂಗ್ ಬದಲಿಸುವ ನೆವದಲ್ಲಿ ಇಬ್ಬರೂ ಕೆಳಗಿಳಿದರು. ಕಾರಿನೊಳಗೆ ಕುಳಿತು, ತುಟಿ ಕಾಣಲೆಂದು ಮಾರ್ಟಿನಾ ಮೇಲಿನ ದೀಪ ಹಾಕಿದಳು.

"ಅವರು ನಿಮ್ಮ ಹಿಂದೆ ನಿಂತು ಹೇಳಿದ್ರು. ಎರಡು ಸಲ. ಕೋವಿ ಎರಡು ಮಾತು ಹೇಳಿತು ಅಂತ."

ಕ್ಯಾಮಿಲಸ್ ಸ್ಟೇರಿಂಗ್ ಹಿಡಿದು ಕುಳಿತ. "ನಿನಗೆ ಕೇಳಿತಾ?"

"ನನಗೆಂತ ಗೊತ್ತು ಅದು! ಅವರಿಗೆ ಕೇಳಿತು. ನಿಮಗೆ?"

"ಕೈಗೆ ಸರಿ ಇತ್ತು. ಒಂದು ವರ್ಷದಿಂದ ಕೈಯಲ್ಲೇ ಕೇಳ್ತಾ ಇದ್ದೇನೆ. ಒಂದೂ ವಾಪಸ್ ಬರ್ಲಿಲ್ಲ."

"ಕೋವಿ ಹಾಳಾಗಿ ಹೋಗ್ಲಿ. ಮಾಂಯ್ ಟಿಕೆಟ್ ಮುಂದೆ ಮಾಡ್ಲಿಕ್ಕೆ ಹೇಳಿದ್ದಾರೆ. ನಿಮಗೆ ಸಿಟ್ಟು ಅಂತ ತಿಳ್ಕೊಂಡಿದ್ದಾರೆ. ಈಗ ಮೇಲೆ ಹೋಗಿ, ಡಬ್ಬ ತೆಗ್ದು, ಮೆಷಿನ್ ಕಿವಿಗೆ ಹಾಕಿ ಅವರ ಎದುರು ನಿಂತ್ಕೊಳ್ಳಿ. ಒಂದು ನಿಮಿಷದ ಕೆಲಸ."

ಅವನು ಸ್ಟೇರಿಂಗಿನಿಂದ ಕೈ ತೆಗೆದ.

"ನವೆಂಬರ, ಮಾರ್ಟಿನಾ. ಸಿಟ್ಟು ಅಂತ ತಿಳ್ಕೊಂಡ್ರೆ ಕ್ರಿಸ್ಮಸ್ಸಿಗೆ ಹೋಗಿ ಕಾಲು ಹಿಡಿದ್ರೆ ಸರಿಯಾಗ್ತದೆ. ಕೆಲಸ ಹೋದ್ರೆ ಯಾರ ಕಾಲು ಹಿಡಿಯುವುದು?"

"ನಾನೇ ಹೇಳಿಬಿಡ್ತೇನೆ."

"ನೀನು ಪ್ರಮಾಣ ಮಾಡಿದ್ದಿ."

ಅವಳು ದೀಪ ಆರಿಸಿದಳು. ಕತ್ತಲಾದ ಮೇಲೆ ಅವನ ಜೊತೆ ಮಾತು ಖಲಾಸ್.

*

ಏರ್‌ಪೋರ್ಟಿನಲ್ಲಿ ಸೆರಫಿನ್ ಬಾಯಿಗೆ ವೀಲ್‌ಚೇರ್ ಬುಕ್ ಮಾಡಿದ್ದರು.

"ನನಗೆ ಕಾಲು ಇಲ್ವಾ?"

"ಇದರಲ್ಲಿ ಕೂತ್ರೆ ಕ್ಯೂ ಇಲ್ಲ ಮಾಂಯ್. ಮಂಗಳೂರು ಫ್ಲೈಟಿನ ಎಲ್ಲ ಅಜ್ಜಿಯರೂ ಹೀಗೆಯೇ. ಅಲ್ಲಿ ಇಳಿದ ಕೂಡಲೇ ಎದ್ದು ಓಡ್ತಾರೆ" ಎಂದಳು ಮಾರ್ಟಿನಾ.

ಮುದುಕಿ ನಗಲಿಲ್ಲ. ಕ್ಯಾಮಿಲಸ್ ಬಗ್ಗಿ ಅವರ ಹಣೆಗೆ ಮುತ್ತಿಟ್ಟು, "ಮಾಂಯ್, ಕ್ರಿಸ್ಮಸ್ಸಿಗೆ ಬರ್ತೇನೆ" ಎಂದ. ಅವರು ಸೆರಗಿನೊಳಗೆ ಏನೋ ಅಂದರು. ಅವನು ತಲೆಯಾಡಿಸಿ, ಖಾಲಿ ಟ್ರಾಲಿ ತಿರುಗಿಸಿಕೊಂಡು ನಡೆದ. ವೀಲ್‌ಚೇರ್ ತಳ್ಳುವವನು ಹೊರಟ. ಬಾಗಿಲ ಹತ್ತಿರ ಮುದುಕಿ ಅವನ ಕೈ ತಡೆದು, ಕುತ್ತಿಗೆ ತಿರುಗಿಸಿ ಕರೆದರು:

"ಕ್ಯಾಮಿಲು!"

ಆ ಸಣ್ಣ ಗಂಟಲಿನಿಂದ ಎಳೆದು ತೆಗೆಯಬಹುದಾದಷ್ಟು ದೊಡ್ಡ ಸ್ವರ ಅದು. ಕ್ಯಾಮಿಲಸ್ ಟ್ರಾಲಿ ತಳ್ಳುತ್ತಾ ಹೋಗುತ್ತಲೇ ಇದ್ದ. ಮಾರ್ಟಿನಾ ಅವನ ಪಕ್ಕದಲ್ಲೇ ಇದ್ದಳು. ತೋಳು ಮುಟ್ಟಿದ್ದರೆ ಸಾಕಿತ್ತು. ಅವಳ ಕೈಯಲ್ಲಿ ಅತ್ತೆ ಬಿಟ್ಟುಹೋದ ನೀರಿನ ಬಾಟಲಿಯಿತ್ತು. ಅದನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಅವಳು ಹಿಂದೆ ನೋಡುವಷ್ಟರಲ್ಲಿ ವೀಲ್‌ಚೇರ್ ಒಳಗೆ ಹೋಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕ್ಯಾಮಿಲಸನ ಮೊಬೈಲಿಗೆ 'ಮಾಂಯ್' ಎಂಬ ಹೆಸರಿನಿಂದ ಒಂದು ಧ್ವನಿ ಸಂದೇಶ ಬಂತು. ಒಂದೂವರೆ ನಿಮಿಷದ್ದು. ತಾಯಿ ಊರು ಮುಟ್ಟಿದ ಸುದ್ದಿಯನ್ನು ಡ್ಯಾರಲ್ ಆಗಲೇ ಬರೆದು ತಿಳಿಸಿದ್ದ. ಇದೂ ಅದೇ ಇರಬೇಕೆಂದುಕೊಂಡು, ನೆಲ್ಸನ್ ಪಕ್ಕದಲ್ಲಿದ್ದುದರಿಂದ ದೊಡ್ಡ ಸ್ವರದಲ್ಲಿ ಹಾಕಿ ಕೇಳಲೂ ಹೋಗದೆ, ಕ್ಯಾಮಿಲಸ್ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕಿಸೆಗೆ ಹಾಕಿಕೊಂಡ.

*

ತಾಯಿ ಊರಿಗೆ ಹೋದ ಮೂರನೆಯ ವಾರದ ಬುಧವಾರ, ಮಧ್ಯಾಹ್ನ ಎರಡು ಗಂಟೆಗೇ ಕ್ಯಾಮಿಲಸ್ ಮನೆಗೆ ಬಂದ. ಟಿಫಿನ್ ಡಬ್ಬ ತೆರೆದಿರಲಿಲ್ಲ. ಆ ವಾರ ಮಾರ್ಟಿನಾಳಿಗೆ ಸಂಜೆಯ ಶಿಫ್ಟು. ಅವಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ಕೋವಿ ವಾಪಸ್ ಬಂತು" ಎಂದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ರೇಂಜಲ್ಲಿ ಮೂರನೇ ಗುಂಡಿಗೆ ಸಿಕ್ಕಿಕೊಂಡಿತಂತೆ. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ಬೋಲ್ಟಿನ ಒಳಗೆ ಒಂದು ಪಿನ್ ಸಡಿಲ. ಖಲ್ಫಾನ್ ಬೈಯಲಿಲ್ಲ. ಬೈದಿದ್ರೆ ಒಳ್ಳೇದಿತ್ತು. ಕೋವಿ ನನ್ನ ಕೈಗೆ ಕೊಟ್ಟು, 'ಇನ್ನೊಂದು ಸಲ ಕೇಳು' ಅಂದ. ನಾನು ಎಳೆದು ಬಿಟ್ಟೆ. ಮತ್ತೆ ಅವನ ಮುಖ ನೋಡಿದೆ, ಉತ್ತರ ಅಲ್ಲಿ ಬರೆದಿರ್ತದಾ ಅಂತ. ಅವನಿಗೆ ಗೊತ್ತಾಯ್ತು. ಅವನ ಅಂಗೈ ತಂದು ನನ್ನ ಕಿವಿ ಮೇಲಿಟ್ಟ. ಚಿಕ್ಕ ಮಗುವಿಗೆ ಇಡ್ತಾರಲ್ಲ, ಹಾಗೆ."

"ಮತ್ತೆ?"

"ನೆಲ್ಸನ್ ಬಾಯಿ ಬಿಟ್ಟ. 'ಅಂಕಲ್, ಮೇಳದ ದಿನ ನಿಮ್ಮ ಅಮ್ಮ ಹೇಳಿದ್ದು ನನಗೂ ಕೇಳಿತ್ತು' ಅಂದ. ಮೊದಲೇ ಗೊತ್ತಿತ್ತು ಅವನಿಗೆ. ಯಾರಿಗೂ ಹೇಳಿರ್ಲಿಲ್ಲ." ಕ್ಯಾಮಿಲಸ್ ಕುರ್ಚಿಯಲ್ಲಿ ಕುಳಿತ. "ತಿಂಗಳ ಕೊನೆಗೆ ಸಾಕು ಅಂತ ಮ್ಯಾನೇಜರ್ ಹೇಳಿದ. ಖಲಾಸ್."

ಅಟ್ಟದ ಮೇಲಿನ ಡಬ್ಬ ತೆಗೆದು ಅವನೇ ಮೆಷಿನ್ ಹಾಕಿಕೊಂಡ. ಹೆಂಡತಿ ಅಳುವ ಸದ್ದು ಕೇಳಿಸಿರಬೇಕು, ನಕ್ಕ.

"ಒಂದು ಒಳ್ಳೇದಾಯ್ತು. ಇನ್ನು ಮುಚ್ಚಿಡ್ಲಿಕ್ಕೆ ಎಂತದೂ ಇಲ್ಲ. ಮಾಂಯ್‌ಗೆ ವಿಡಿಯೋ ಕಾಲ್ ಮಾಡಿ ಎರಡೂ ಕಿವಿ ತೋರಿಸ್ತೇನೆ. 'ಎರಡು ಮಾತು ಹೇಳಿತ್ತು ಮಾಂಯ್, ನೀವೇ ಸರಿ' ಅಂತ ಹೇಳ್ತೇನೆ."

"ಈಗಲೇ ಮಾಡಿ."

"ಆದಿತ್ಯವಾರ ಮಾಡುವ. ಪೂಜೆ ಮುಗಿಸಿ ಬಂದು ಕೂತಿರ್ತಾರಲ್ಲ, ಹತ್ತೂವರೆಗೆ. ಹಿಂದಿನ ಹಾಗೆಯೇ. ಖುಷಿಯಾಗ್ತದೆ ಅವರಿಗೆ."

"ಇವತ್ತು ಮಾಡಿದ್ರೆ ಖುಷಿಯಾಗುದಿಲ್ವಾ?"

"ಇವತ್ತು ನನ್ನ ಮುಖ ನೋಡು. ಈ ಮುಖ ತೋರಿಸುವುದಾ? ನಾಲ್ಕು ದಿನ, ಮಾರಾಯ್ತಿ."

*

ಶನಿವಾರ ಬೆಳಿಗ್ಗೆ ಸ್ವೀಡಲ್ ಅಪ್ಪನಿಗೆ ಪೋಳೆ, ಅಂದರೆ ದೋಸೆ, ಹುಯ್ದು ಕೊಡುತ್ತಿದ್ದಾಗ ಡ್ಯಾರಲ್‌ನ ಫೋನು ಬಂತು. ಎತ್ತಿದವಳು ಮಾರ್ಟಿನಾ. ಬೆಳಗಿನ ಚಹಾ ಕೊಂಡುಹೋದಾಗ ಅಜ್ಜಿ ಏಳಲಿಲ್ಲವಂತೆ. ನಿದ್ದೆಯಲ್ಲೇ ಹೋಗಿದ್ದರು. ನಾಳೆ ನಾಲ್ಕು ಗಂಟೆಗೆ ಮಣ್ಣು. ಮಾರ್ಟಿನಾ ಗಂಡನ ಎದುರು ಬಂದು ನಿಂತಳು. ಅವಳು ಏನೂ ಹೇಳಬೇಕಾಗಲಿಲ್ಲ. ಮುಖ ಓದುವುದರಲ್ಲಿ ಅವನು ಪಳಗಿದ್ದ.

ಸಂಜೆಯ ವಿಮಾನಕ್ಕೆ ಮೂರು ಟಿಕೆಟ್ ಸಿಕ್ಕಿತು. ಹನ್ನೊಂದರ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಕ್ಯಾಮಿಲಸ್ ಪೆಟ್ಟಿಗೆಗೆ ಬಟ್ಟೆ ಹಾಕುತ್ತಿದ್ದವನು ನಿಲ್ಲಿಸಿ ಮೊಬೈಲ್ ತೆಗೆದ.

"ಮಾಂಯ್ ಕಳಿಸಿದ್ದು ಒಂದು ಉಂಟು ಇದರಲ್ಲಿ. ಅಲ್ಲಿ ಮುಟ್ಟಿದ ಮರುದಿನದ್ದು. ನಾನು ಕೇಳ್ಲಿಲ್ಲ." ಮೆಷಿನ್ ಹಾಕಿದ್ದ ಕಿವಿಗೆ ಹಿಡಿದು ಒತ್ತಿದ. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಒತ್ತಿದ. "ಗಾಳಿ ಮಾತ್ರ ಬರ್ತದೆ. ಸ್ವೀಡಲ್, ಎಂತ ಹೇಳಿದ್ದಾರೆ ನೋಡು."

ಸ್ವೀಡಲ್ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಒಂದೂವರೆ ನಿಮಿಷ. ಕೇಳಿ ಮುಗಿದ ಮೇಲೂ ಕೆಳಗಿಳಿಸಲಿಲ್ಲ.

"ಎಂತ ಹೇಳಿದ್ರು?"

"ಸುಮ್ನೆ, ಪಪ್ಪಾ. ರೀಚ್ ಆದೆ ಅಂತ."

"ಒಂದೂವರೆ ನಿಮಿಷ ರೀಚ್ ಆದದ್ದಾ? ಹೇಳು. ಅವರು ಹೇಳಿದ ಹಾಗೆಯೇ ಹೇಳು. ನೀನು ಮಾಡ್ತಿಯಲ್ಲ, ಹಾಗೆ. ನಾನು ಗದರುದಿಲ್ಲ. ಮಾತ್ರ, ಸ್ವಲ್ಪ ದೊಡ್ಡಕ್ಕೆ."

ಸ್ವೀಡಲ್ ಅಮ್ಮನನ್ನು ನೋಡಿದಳು. ಮಾರ್ಟಿನಾ ತಲೆಯಾಡಿಸಿದಳು. ಹುಡುಗಿ ಅಪ್ಪನ ಎದುರು ಹಾಸಿಗೆಯಲ್ಲಿ ಕುಳಿತು, ಅಭ್ಯಾಸದಂತೆ ದುಪಟ್ಟಾವನ್ನು ಬಾಯಿಗೆ ತಂದವಳು ಅದನ್ನು ಕೆಳಗೆ ಬಿಟ್ಟಳು. ತುಟಿ ಕಾಣಬೇಕಲ್ಲ. ಆಮೇಲೆ ಅವಳ ಗಂಟಲಿನಿಂದ ಸೆರಫಿನ್ ಬಾಯಿ ಮಾತಾಡಿದರು:

"ಬಾಬ್, ನಾನು ಮುಟ್ಟಿದೆ. ಡ್ಯಾರಲ್ ಇದನ್ನು ಒತ್ತಿ ಹಿಡಿ ಅಂದ, ಹಿಡಿದಿದ್ದೇನೆ. ಬಾಬ್, ನಿನ್ನ ಅಂಗಡಿಯಲ್ಲಿ ನಾನು ಬಾಯಿ ಹಾಕ್ಬಾರ್ದಿತ್ತು. ಅಷ್ಟು ಜನರ ಎದುರು ತಾಯಿ ಬಂದು ತಪ್ಪು ಹುಡುಕಿದ್ರೆ ಯಾರಿಗಾದ್ರೂ ಸಿಟ್ಟು ಬರ್ತದೆ. ನಾನು ವಿಮಾನದಲ್ಲಿ ಕೂತು ಯೋಚನೆ ಮಾಡಿದೆ. ನನಗೆ ಪ್ರಾಯ ಆಯ್ತು. ಕಿವಿ ಸರಿ ಇಲ್ಲ. ಒಂದು ಮಾತನ್ನು ನಾನೇ ಎರಡು ಅಂತ ಕೇಳಿರ್ಬೇಕು. ನೀನು ತಮಾಮ್ ಹೇಳಿದ ಮೇಲೆ ಅದು ಸರಿಯೇ. ನೀನು ಫೋನ್ ಮಾಡಿ ಮಾತಾಡ್ಬೇಕಂತ ಇಲ್ಲ ಬಾಬ್, ನಿನಗೆ ಕೆಲಸ ಇರ್ತದೆ. ಸಿಟ್ಟು ಹೋದ ದಿನ ಒಂದು ಮಿಸ್ ಕಾಲ್ ಕೊಡು. ಒಂದು ರಿಂಗ್ ಸಾಕು. ನಾನು ಎತ್ತುದಿಲ್ಲ. ಫೋನ್ ದಿಂಬಿನ ಹತ್ರವೇ ಇಟ್ಟಿದ್ದೇನೆ."

ಸ್ವೀಡಲ್ ಮೊಬೈಲನ್ನು ಅಪ್ಪನತ್ತ ಚಾಚಿದಳು.

"ಅದಕ್ಕೆ ನಾನು ಹೆಬ್ಬೆರಳು ಕಳಿಸಿದೆ" ಎಂದ ಕ್ಯಾಮಿಲಸ್.

ಆಮೇಲೆ ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು, 'ಮಾಂಯ್' ಎಂಬ ಹೆಸರನ್ನು ಒತ್ತಿ, ಕಿವಿಗೆ ಹಿಡಿಯದೆ ಅಂಗೈಯಲ್ಲಿ ಚಪ್ಪಟೆಯಾಗಿ ಇಟ್ಟುಕೊಂಡು ನೋಡುತ್ತಾ ನಿಂತ. ಪರದೆಯ ಮೇಲೆ 'ರಿಂಗಿಂಗ್' ಎಂದು ಮೂಡಿತು. ಒಂದು ರಿಂಗು. ಕಡಿದ. ಮೊಬೈಲನ್ನು ಹಾಸಿಗೆಯ ಮೇಲಿಟ್ಟ. ಎರಡೂ ಕಿವಿಯಿಂದ ಮೆಷಿನ್ ತೆಗೆದು ಅದರ ಪಕ್ಕದಲ್ಲಿಟ್ಟ. ಬೆನ್ನು ತಿರುಗಿಸಿ ಕಪಾಟಿನಿಂದ ಬಿಳಿ ಅಂಗಿ ತೆಗೆದು, ತೋಳಿಗೆ ತೋಳು ಸೇರಿಸಿ ಮಡಚತೊಡಗಿದ.

ಆಗ ಮೊಬೈಲ್ ಬಡಿದುಕೊಳ್ಳತೊಡಗಿತು. ಅಲ್ಲಿ ಯಾರೋ, ಡ್ಯಾರಲ್ ಇರಬೇಕು, ತಪ್ಪಿದ ಕರೆ ನೋಡಿ ತಿರುಗಿ ಮಾಡಿದ್ದ. ಬಿಸಿಲಿನಲ್ಲಿ ಪರದೆಯ ಮೇಲೆ 'ಮಾಂಯ್', 'ಮಾಂಯ್' ಎಂದು ಬೆಳಗುತ್ತಿತ್ತು. ಮಾರ್ಟಿನಾ ಗಂಡನ ತೋಳಿನತ್ತ ಕೈ ಚಾಚಿದಳು. ಈ ಸಲ ಅವಳ ಕೈಯಲ್ಲಿ ಏನೂ ಇರಲಿಲ್ಲ. ಕೈ ಅಂಗಿಯ ಹತ್ತಿರದವರೆಗೆ ಹೋಗಿ ಅಲ್ಲೇ ನಿಂತಿತು. ಕ್ಯಾಮಿಲಸ್ ಅಂಗಿ ಮಡಚುತ್ತಲೇ ಇದ್ದ.